ಹೂವಿಗೆ ಹಾಕಿದ ಟೋಪಿ

ನಾನು ಶಾಲೆ ಬಿಟ್ಟದ್ದು ೧೯೯೩ರಲ್ಲಿ, ಎಂಟನೇ ತರಗತಿಯ ನಡುವೆ. ಆಮೇಲೆ ಯಾರಿಂದಲೂ ಪಾಠ ಹೇಳಿಸಿಕೊಂಡಿಲ್ಲ, ಒಬ್ಬರನ್ನು ಬಿಟ್ಟು. ನಿನ್ನೆ ಹೆಂಡತಿ ಒಗ್ಗರಣೆಗೆ ನಮ್ಮ ತಾರಸಿ ಕುಂಡದ ಮೆಣಸಿನಕಾಯಿ ಹೆಚ್ಚಿ ಹಾಕಿದಾಗ, ಅರ್ಧ ಮೆಣಸು ಅರ್ಧ ಹಣ್ಣಿನಂಥ ಘಮ ಎದ್ದು, ಅವರೇ ಬಂದು ಪಕ್ಕದಲ್ಲಿ ಕುಳಿತಂತಾಯಿತು...

ಭದ್ರಾವತಿಯಲ್ಲಿ ನನ್ನ ಟೈಲರ್ ಅಂಗಡಿ ಇದ್ದ ವಠಾರದಲ್ಲೇ ಅವರ ಮನೆ. ಸರಕು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಎಲ್ಲರಿಗೂ ಅವರು ಹಡಗಿನ ತಾತ. ದೇಶದೇಶದ ಖಾರ ತಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಡಾಕ್ಟರು ಇನ್ನು ಮೆಣಸಿನಕಾಯಿ ಮುಟ್ಟಬೇಡಿ ಎಂದಿದ್ದರು. ತಾತನಿಗೆ ಉಳಿದದ್ದು ಒಂದೇ ದಾರಿ. ಕೆರಿಬಿಯನ್ ದ್ವೀಪದ ಬಂದರೊಂದರಿಂದ ಅವರು ಬೀಜ ತಂದಿದ್ದ ಮೆಣಸಿನಕಾಯಿ, ನೋಡಲು ಸುಕ್ಕುಗಟ್ಟಿದ ಪುಟ್ಟ ಲಾಟೀನು. ಘಮ ಇದೆ, ಖಾರ ಇಲ್ಲ. ಅದನ್ನು ಹಾಕಿದ ಸಾರಿದ್ದರೆ ಮಾತ್ರ ಅವರಿಗೆ ಊಟ ಮಾಡಿದಂತೆ. ಮಂಡಿ ನೋವಿಗೆ ಗಿಡ ನೋಡಿಕೊಳ್ಳಲಾಗದೆ, ಬೀಜ ಇಟ್ಟಿದ್ದ ನಶ್ಯದ ಡಬ್ಬಿಯಿಂದ ಅರ್ಧದಷ್ಟನ್ನು ತೆಗೆದು ನನಗೆ ಕೊಟ್ಟರು.

“ಹೂವಿಗೆ ಟೋಪಿ ಹಾಕು ಕಣಪ್ಪ,” ಎಂದರು.

“ಗಿರಾಕಿಗೇ ಟೋಪಿ ಹಾಕಿದೋನಲ್ಲ ನಾನು. ಹೂವಿಗೆ ಹಾಕ್ತೀನಾ ತಾತ?”

“ನಗಬೇಡ. ಖಾರದ ಗಿಡದ ಮೇಲೆ ಕೂತ ಜೇನುಹುಳ ಇಲ್ಲಿಗೂ ಬರುತ್ತೆ. ಅದರ ಪರಾಗ ಅಂಟಿ ಬೀಜ ಕೆಡುತ್ತೆ, ಮರುಬೆಳೆ ಖಾರ ಆಗುತ್ತೆ.”

ಗಿಡಕ್ಕೆ ಬಟ್ಟೆ ಹೊಲಿದರೆ ವಠಾರ ನಕ್ಕೀತು ಎಂದು ನಾನು ಟೋಪಿ ಹೊಲಿಯಲಿಲ್ಲ. ಜಾಗ ಇದ್ದದ್ದು ಸೂಜಿಮೆಣಸಿನ ಗಿಡದ ಪಕ್ಕ, ಅಲ್ಲೇ ನೆಟ್ಟೆ. ಮೊದಲ ವರ್ಷ ಕಾಯಿ ಸೊಗಸಾಗಿ ಬಿಟ್ಟವು, ಚೂರೂ ಖಾರವಿರಲಿಲ್ಲ. ನಾನು ಬೀಗಿದೆ. ಅವುಗಳದೇ ಬೀಜ ಹಾಕಿ, ಮರುವರ್ಷದ ಕಾಯಿಯನ್ನು ನಾನೇ ಕೊಯ್ದು ಕೊಟ್ಟೆ. ಸಾರು ಕಲಸಿ ಒಂದು ತುತ್ತು ಉಂಡ ತಾತ ತಟ್ಟೆ ಸರಿಸಿದರು. ಕಣ್ಣು ಮೂಗಲ್ಲೆಲ್ಲ ನೀರು. ಹೊಟ್ಟೆ ಹಿಡಿದುಕೊಂಡರು. ನಾನು ಮಜ್ಜಿಗೆ ತರಲು ಓಡಿದೆ. ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ ನನ್ನ ಮುಖ ನೋಡಿ ನಕ್ಕರು.

“ಹೂವಿಗೆ ಹಾಕು ಅಂದ್ರೆ ನನಗೇ ಹಾಕಿದ್ಯಲ್ಲ ಮಾರಾಯ, ಟೋಪಿ.”

ಡಬ್ಬಿಯಲ್ಲಿ ಉಳಿದದ್ದು ಹಳೆಯ ಏಳು ಬೀಜ. ಅವೂ ಹೋದರೆ ತಾತನ ಊಟದ ರುಚಿಯೂ ಹೋದಂತೆ. ಮಣ್ಣಿನ ಬಟ್ಟಲಲ್ಲಿ ಹಾಕಿ, ಇಸ್ತ್ರಿ ಮೇಜಿನ ಬೆಚ್ಚಗಿನ ಮೂಲೆಯಲ್ಲಿಟ್ಟೆ. ತಾತ ದಿನಾ ಬಂದು ಇಣುಕುವರು.

“ಆಯ್ತೇನಪ್ಪಾ?”

“ಪ್ಯಾಂಟಾದ್ರೆ ನಾಳೆ ಕೊಡ್ತೀನಿ ಅನ್ನಬಹುದಿತ್ತು ತಾತ...”

ಹತ್ತೊಂಬತ್ತನೇ ದಿನ ಮೂರು ಮೊಳಕೆ ಎದ್ದವು. ಅವು ಗಿಡವಾಗಿ ಮೊಗ್ಗು ಬಿಟ್ಟಾಗ, ಸೊಳ್ಳೆಪರದೆಯ ಚೂರುಗಳಲ್ಲಿ ಬೆರಳುದ್ದದ ಚೀಲ ಹೊಲಿದು, ಬಾಯಿಗೆ ದಾರ ಪೋಣಿಸಿ, ಅರಳುವ ಮೊದಲೇ ತೊಡಿಸಿದೆ. ವಠಾರ ನಕ್ಕಿತು. “ಅಳತೆ ತಗೊಂಡ್ಯಾ?” ಎಂದು ಎದುರು ಮನೆಯಾಕೆ ಕೇಳಿದರು. ಕಾಯಿ ಕಚ್ಚಿದ ಮೇಲೆ ಟೋಪಿ ತೆಗೆದು, ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಬೀಜಕ್ಕೆ ಇಡುವುದು ದಾರ ಕಟ್ಟಿದ ಕಾಯಿಗಳನ್ನು ಮಾತ್ರ.

ಮುಂದಿನ ವರ್ಷ, ಆ ಬೀಜದ ಗಿಡದ ಮೊದಲ ಕಾಯಿಯನ್ನು ನಾನೇ ಮೊದಲು ಕಚ್ಚಿ ನೋಡಿದೆ. ಆಮೇಲೆ ತಾತ ಉಂಡರು, ಮೂರು ಸಲ ಅನ್ನ ಹಾಕಿಸಿಕೊಂಡು. ಕೈ ತೊಳೆದು ಬಂದು, “ಪಾಸು,” ಎಂದರು. ಶಾಲೆ ಬಿಟ್ಟ ಮೇಲೆ ನನಗೆ ಆ ಮಾತು ಹೇಳಿದವರು ಅವರೊಬ್ಬರೇ.

ಇನ್ನೂ ಐದು ವರ್ಷ ಅವರು ಆ ಸಾರು ಉಂಡರು. ಅವರು ಹೋದ ಮೇಲೆ ನಶ್ಯದ ಡಬ್ಬಿ ನನ್ನ ಕೈಗೆ ಬಂತು...

ಈಗ ಶಿವಮೊಗ್ಗದ ಗೋಪಾಳದಲ್ಲಿ ನನ್ನದೇ ಅಂಗಡಿ. ಮಷೀನು ಮೂರು. ತಾರಸಿಯ ಮೇಲೆ ಕುಂಡ ಒಂಬತ್ತು, ಟೋಪಿ ಹನ್ನೆರಡು, ಡಬ್ಬಿಯಲ್ಲಿ ನಲವತ್ತೊಂದು ಬೀಜ. ಮನೆಯಲ್ಲಿ ನಾಲ್ಕು ಜನ. ಖಾರ ಆಗದವರು ಯಾರೂ ಇಲ್ಲ. ಆದರೂ ಮೊಗ್ಗು ಬಂದಾಗಲೆಲ್ಲ ಟೋಪಿ ತೊಡಿಸುತ್ತೇನೆ.