ಸಾಹುಕಾರ್ರ ಮನೆಯ ಅರ್ಜಿ

ನಮ್ಮ ಎದುರುಮನೆಯ ಕಾಂಚನಮಾಲಾ ಹಾವಿಗೆ ಹೆದರುವವರಲ್ಲ. ಹಿತ್ತಿಲಲ್ಲಿ ಕೇರೆಹಾವು ಕಂಡರೆ ನಾನು ಕಿರುಚಿಕೊಂಡು ಬೀದಿಗೆ ಓಡುತ್ತೇನೆ. ಅವರು ಉದ್ದನೆಯ ಕೋಲು ಹಿಡಿದು, ಅದಕ್ಕೆ ನೋವಾಗದ ಹಾಗೆ ಬೇಲಿ ದಾಟಿಸಿ, ಕೈ ತೊಳೆದುಕೊಂಡು ಒಳಗೆ ಹೋಗುತ್ತಾರೆ. ಅವರಿಗಿದ್ದ ಹೆದರಿಕೆ ಒಂದೇ. ತಮ್ಮ ಮನೆಯಲ್ಲಿ ಏನೂ ಇಲ್ಲ ಎನ್ನುವುದು ಹಳೇಬೀಡಿನವರಿಗೆ ಗೊತ್ತಾಗಿಬಿಟ್ಟರೆ ಏನು ಗತಿ?

ಅವರ ಯಜಮಾನರು ಗೊಮ್ಮಟೇಶ. ಊರಿನವರ ಬಾಯಲ್ಲಿ ಸಾಹುಕಾರ್ರು. ಅವರ ತಂದೆಯ ಕಾಲದಲ್ಲಿ ಬಸದಿಯ ಆಚೆ ಗದ್ದೆ, ಬಸ್‌ಸ್ಟ್ಯಾಂಡಿನ ಹತ್ತಿರ ಜವಳಿ ಅಂಗಡಿ ಇದ್ದದ್ದು ನಿಜ. ಗದ್ದೆ ಅಣ್ಣತಮ್ಮಂದಿರ ಪಾಲಿನಲ್ಲಿ, ತಂಗಿಯರ ಮದುವೆಗಳಲ್ಲಿ ಕರಗಿತು. ಸೀರೆ ಕೊಳ್ಳಲು ಜನ ಹಾಸನದ ಬಸ್ಸು ಹತ್ತುವುದನ್ನು ಕಲಿತ ಮೇಲೆ ಅಂಗಡಿಯೂ ಮುಚ್ಚಿತು. ಈಗ ಅವರು ಬೇಲೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಆದರೆ ಬೆಳಿಗ್ಗೆ ಇಸ್ತ್ರಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ ಬಸ್ಸಿಗೆ ನಿಂತರೆ, ನೋಡಿದವರು ಸಾಹುಕಾರ್ರು ವ್ಯವಹಾರದ ಮೇಲೆ ಹೊರಟಿದ್ದಾರೆ ಎಂದೇ ತಿಳಿಯಬೇಕು. ಆ ಪಂಚೆಗೆ ಇಸ್ತ್ರಿ ಹಾಕುತ್ತಿದ್ದವರು ಕಾಂಚನಮ್ಮ. ನಡುಮನೆಯ ಬಾಗಿಲು ಹಾಕಿಕೊಂಡು ಹಾಸನದ ಅಂಗಡಿಗೆ ರವಿಕೆ ಹೊಲಿದು, ಆ ಗಂಟನ್ನು "ನಮ್ಮಕ್ಕನ ಮನೆಗೆ" ಎಂದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದವರೂ ಅವರೇ. ಒಬ್ಬ ಅಕ್ಕನಿಗೆ ಅಷ್ಟೊಂದು ರವಿಕೆ ಯಾಕೆ ಎಂದು ಯೋಚಿಸುವ ಬುದ್ಧಿ ಆ ಬೀದಿಯಲ್ಲಿ ನನ್ನೊಬ್ಬಳಿಗೇ ಇತ್ತು. ನಾನು ಪ್ರೈಮರಿ ಸ್ಕೂಲಿನ ಟೀಚರು, ಹೆಸರು ಲತಾಮಣಿ, ಬಾಯಿ ಜೋರು ಎಂದು ಹೆಸರಾದವಳು. ಆದರೂ ಕೇಳಬಾರದ್ದನ್ನು ಕೇಳುವವಳಲ್ಲ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವರ ಒಬ್ಬಳೇ ಮಗಳು ತ್ರಿಶಾಗೆ ಹಾಸನದಲ್ಲಿ ಆಯುರ್ವೇದ ಡಾಕ್ಟರ್ ಓದಲು ಸೀಟು ಸಿಕ್ಕಿತು. ಆ ದಿನ ಮನೆಯಲ್ಲಿ ಪಾಯಸ. ಮಾರನೆಯ ದಿನದಿಂದ ದಿಗಿಲು. ಕಾಲೇಜಿನವರು ಫೀಸು ಕಟ್ಟಲು ಗಡುವು ಕೊಟ್ಟಿದ್ದರು. ಗಡುವು ಮೀರಿದರೆ ಸೀಟು ಇನ್ನೊಬ್ಬರ ಪಾಲು. ಸರ್ಕಾರದ ವಿದ್ಯಾರ್ಥಿವೇತನ ನಂಬಿಕೊಂಡು ಕೂರುವಂತಿರಲಿಲ್ಲ, ಅದು ಬಂದಾಗ ಬಂತು. ಉಳಿದದ್ದು ಒಂದೇ ದಾರಿ. ಅರಸೀಕೆರೆಯಲ್ಲಿ ಅವರ ಜೈನ ಸಮಾಜದ ಕೊಬ್ಬರಿ ವ್ಯಾಪಾರಿಗಳು ಸೇರಿ ಬಡ ಮಕ್ಕಳ ಓದಿಗೆಂದು ಒಂದು ನಿಧಿ ನಡೆಸುತ್ತಿದ್ದರು. ಅಲ್ಲಿಗೆ ಅರ್ಜಿ ಹಾಕಬೇಕು.

ಅರ್ಜಿ ತುಂಬಿಸಲು ತ್ರಿಶಾ ನನ್ನನ್ನು ಕರೆದಳು. ಕಾಂಚನಮ್ಮ ಮೊದಲು ಬೀದಿ ಬಾಗಿಲು ಹಾಕಿದರು, ಆಮೇಲೆ ಕಿಟಕಿ. ತಾಯಿಯ ಉದ್ಯೋಗ ಎಂದು ಓದಿದೆ.

"ಗೃಹಿಣಿ ಅಂತ ಬರೀರಿ ಟೀಚರ್" ಎಂದರು. ಹೊಲಿಗೆ ಮಿಷನ್ನು ದುಪಟಿ ಹೊದ್ದುಕೊಂಡು ಅವರ ಪಕ್ಕದಲ್ಲೇ ನಿಂತಿತ್ತು.

"ಹೊಲಿಗೆ ಅಂತ ಬರೆದ್ರೆ ಒಳ್ಳೇದಲ್ವಾ? ಕಷ್ಟ ಇದೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ?"

"ಬೇಡಿ. ಅರಸೀಕೆರೇಲಿ ನಮ್ಮ ನೆಂಟರು ಇದಾರೆ."

ಆದಾಯದ ಸರ್ಟಿಫಿಕೇಟಿನದ್ದು ಇನ್ನೊಂದು ಪಾಡು. ಅದನ್ನು ತರಲು ತಾಲ್ಲೂಕು ಕಚೇರಿಗೆ ಹೋದ ಗೊಮ್ಮಟೇಶರನ್ನು ಅಲ್ಲಿ ಯಾರೋ ಪರಿಚಯದವರು "ಬನ್ನಿ ಸಾಹುಕಾರ್ರೇ, ಕೂತ್ಕೊಳಿ" ಎಂದು ಕುರ್ಚಿ ಕೊಟ್ಟು ಕೂರಿಸಿದರಂತೆ. ಆ ಕುರ್ಚಿಯಲ್ಲಿ ಕೂತು, ನನಗೆ ಆದಾಯ ಇಲ್ಲ ಎಂದು ಬರೆದುಕೊಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಕಾಫಿ ಕುಡಿದು ವಾಪಸ್ಸು ಬಂದರು. ಕೊನೆಗೆ ಕಾಂಚನಮ್ಮನೇ ಬೇಲೂರಿಗೆ ಹೋಗಿ, ಸಾಲಿನಲ್ಲಿ ಮುಖ ಮರೆಸಿಕೊಂಡು ನಿಂತು ತಂದರು.

ಆ ನಿಧಿಯವರದ್ದು ಒಂದು ಪದ್ಧತಿ. ಸರ್ಟಿಫಿಕೇಟನ್ನು ಪೂರ್ತಿ ನಂಬುವುದಿಲ್ಲ. ತಮ್ಮ ಕಡೆಯ ಒಬ್ಬರನ್ನು ಊರಿಗೆ ಕಳಿಸಿ, ಯಾರು ಎತ್ತ ಎಂದು ಹೇಳಿಕೊಳ್ಳದೆ ಬೀದಿಯವರನ್ನು ವಿಚಾರಿಸುತ್ತಾರೆ. ಇದು ಗೊತ್ತಾದ ಮೇಲೆ ಕಾಂಚನಮ್ಮನಿಗೆ ಅನ್ನ ಸೇರಲಿಲ್ಲ. ವಿಚಾರಿಸಲು ಬರದಿದ್ದರೆ ಮಗಳ ಓದು ಹೋಯಿತು, ಬಂದರೆ ತಮ್ಮ ಮಾನ ಹೋಯಿತು. ಬೀದಿಯಲ್ಲಿ ಬೈಕಿನ ಸದ್ದಾದರೆ ಮಿಷನ್ನು ನಿಲ್ಲಿಸಿ ಕಿವಿಗೊಟ್ಟು ಕೂರುತ್ತಿದ್ದರು. ಇಷ್ಟಾದರೂ ತೇಪೆ ಹಾಕಿದ ದುಪಟಿಗಳನ್ನು ಹಿತ್ತಿಲಲ್ಲಿ ಒಣಗಿಸಿ, ಮುಂದಿನ ಹಗ್ಗಕ್ಕೆ ಒಳ್ಳೆಯ ಸೀರೆಗಳನ್ನೇ ಹಾಕುವುದು ನಿಲ್ಲಲಿಲ್ಲ.

ನನಗೆ ರೇಗಿತು. "ಬಡವರು ಅಂತ ಅರ್ಜಿ ಹಾಕಿ, ರೇಷ್ಮೆ ಸೀರೆ ಒಣಗಹಾಕ್ತೀರಲ್ಲ ಕಾಂಚನಮ್ಮ!" ಎಂದೆ.

"ಅಭ್ಯಾಸ ಟೀಚರ್" ಎಂದರು. ಸೀರೆಯನ್ನು ಮಾತ್ರ ತೆಗೆಯಲಿಲ್ಲ.

ಗಡುವಿಗೆ ಇನ್ನೇನು ಹತ್ತಿರ ಬಂತು ಎನ್ನುವಾಗ ಒಂದು ಶುಕ್ರವಾರ ಸಂಜೆ, ನಾನು ಸ್ಕೂಲಿನಿಂದ ಬಂದು ಅವರ ಜಗಲಿಯಲ್ಲಿ ಕೂತಿದ್ದೆ. ಹಾಲು ಮಾರುವ ದೇವೀರಮ್ಮ ಚೊಂಬಿನ ತುಂಬ ಮೊಸರು ಹಿಡಿದು ಓಡೋಡಿ ಬಂದಳು. ಮುಖ ಅರಳಿತ್ತು.

"ಅಮ್ಮಾವ್ರೇ, ಮೊದ್ಲು ಬಾಯಿ ಸಿಹಿ ಮಾಡ್ರೀ! ತ್ರಿಶಮ್ಮನ್ನ ಕೇಳಕ್ಕೆ ಗಂಡಿನ ಕಡೆಯೋರು ಬಂದಿದ್ರು ಕಣ್ರೀ!"

ಕಾಂಚನಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ಯಾರು?"

"ಹುಡ್ಗನೇ ಇರ್ಬೇಕು. ಬಿಳೀ ಅಂಗಿ, ಹೊಸ ಬೈಕು. ಅರಸೀಕೆರೆಯಿಂದ ಬಂದೋನಂತೆ, ನಿಮ್ಮೋರೇ. ಷಡಕ್ಷರಪ್ಪನ ಹೋಟ್ಲಲ್ಲಿ ಕೂತ್ಕಂಡು, ಮನೆತನ ಎಂಗೆ, ಜಮೀನು ಎಷ್ಟೈತೆ, ಸಂಪಾದ್ನೆ ಏನು, ಹುಡ್ಗಿ ಎಂಥೋಳು ಅಂತ ಎಲ್ಲಾ ಇಚಾರಿಸ್ದ. ಇನ್ನೇನ್ಕೆ ಕೇಳ್ತಾರೆ, ನೀವೇ ಯೋಳಿ!"

"ನೀವು ಏನು ಹೇಳಿದ್ರಿ?"

"ನಮ್ ಬೀದಿ ಹೆಣ್ಮಗೀನ ನಾವು ಬುಟ್ಕೊಡ್ತೀವಾ? ಷಡಕ್ಷರಪ್ಪ, ಗದ್ದೆ ಐತೆ, ತೆಂಗಿನ ತೋಟ ಐತೆ, ಸಾಹುಕಾರ್ರು ದಿನಾ ಬೇಲೂರಿಗೆ ಯವಾರಕ್ಕೆ ಓಯ್ತಾರೆ ಅಂದ. ಮಗೀಗೆ ಅಂತ ಒಡವೆ ಮಾಡ್ಸಿ ಮಡಗವ್ರೆ, ನಾನೇ ಕಣ್ಣಾರೆ ನೋಡಿವ್ನಿ ಅಂತ ನಾನೂ ಅಂದೆ. ಆ ಹುಡ್ಗ ಎಲ್ಲಾ ಬರ್ಕೊಂಡ ಕಣ್ರೀ!"

ನಮ್ಮ ಕಡೆ ಇದು ಹೀಗೇ. ಹೆಣ್ಣಿನ ಮನೆ ವಿಚಾರಿಸಲು ಬಂದವರ ಮುಂದೆ ಬೀದಿಯವರು ಒಂದು ಗುಲಗಂಜಿಯಷ್ಟೂ ಕಡಿಮೆ ಹೇಳುವುದಿಲ್ಲ. ಹೇಳಿದರೆ ಒಂದು ಹುಡುಗಿಯ ಮದುವೆ ತಪ್ಪಿಸಿದ ಪಾಪ ಸುತ್ತಿಕೊಳ್ಳುತ್ತದೆ. ಬಂದವನು ಓದಿನ ನೆರವಿಗಾಗಿ ಬಡತನ ಹುಡುಕಿಕೊಂಡು ಬಂದಿದ್ದಾನೆ ಎಂದು ಆ ಮುಗ್ಧರಿಗೆ ಹೊಳೆಯುವುದಾದರೂ ಹೇಗೆ? ಸಾಹುಕಾರ್ರ ಮನೆಯಲ್ಲಿ ಬಡತನ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದ ಹಾಗೆ ವರ್ಷಗಟ್ಟಲೆ ನೋಡಿಕೊಂಡವರು ಕಾಂಚನಮ್ಮನೇ.

ಅವರು ಮೊಸರಿನ ಚೊಂಬು ಈಸಿಕೊಂಡರು. "ಒಳ್ಳೇದು ಮಾಡಿದ್ರಿ ದೇವೀರಮ್ಮ" ಎಂದು ನಕ್ಕು ಕಳಿಸಿದರು. ಅವಳು ತಿರುವು ದಾಟಿದ ಮೇಲೆ ಹೊಸ್ತಿಲ ಮೇಲೆ ಕೂತರು.

"ನನ್ನ ಮಗಳ ಓದನ್ನ ನಾನೇ ಕೈಯಾರೆ ಹಾಳು ಮಾಡಿದೆ ಟೀಚರ್."

ಅಷ್ಟು ಬೆಳ್ಳಗಾದ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಭಾನುವಾರ ನಿಧಿಯವರ ಸಭೆ, ಸೋಮವಾರ ಫೀಸಿನ ಗಡುವು.

ಗೊಮ್ಮಟೇಶ ಬೇಲೂರಿನಿಂದ ಬಂದು ವಿಷಯ ಕೇಳಿದರು. ಶಲ್ಯ ಮಡಿಸಿ ಗೂಟಕ್ಕೆ ಹಾಕಿದರು. "ಬಿಡು. ಬೇಲೂರಲ್ಲಿ ಬಿ.ಎ. ಓದಲಿ. ನಾಲ್ಕು ಜನರ ಮುಂದೆ ನಿಂತು ನಮ್ಮತ್ರ ಇಲ್ಲ ಅಂತ ಹೇಳೋದು ನನ್ನ ಕೈಲಾಗಲ್ಲ" ಎಂದರು.

ತ್ರಿಶಾ ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಮನೆಯಲ್ಲಿ ಉಳಿದ ಕೊಡಗಳೆಲ್ಲ ಆಗಲೇ ತುಂಬಿದ್ದವು.

"ಭಾನುವಾರ ನಾನು ಹೋಗ್ತೀನಿ" ಎಂದರು ಕಾಂಚನಮ್ಮ.

"ಹೋಗಿ ಏನು ಹೇಳ್ತೀಯ?"

ಹೆಂಡತಿಯನ್ನು ಒಬ್ಬಳನ್ನೇ ಕಳಿಸಬಾರದೆಂದು ಗೊಮ್ಮಟೇಶ ಹೊರಟರು. ತ್ರಿಶಾ ಕೇಳಿಕೊಂಡಳೆಂದು ನಾನೂ ಹೊರಟೆ. ಜಾವಗಲ್ ಮೇಲೆ ಬಾಣಾವರ ದಾಟಿ ಅರಸೀಕೆರೆ ಸೇರುವವರೆಗೆ ಕಾಂಚನಮ್ಮನ ತುಟಿಯಲ್ಲಿ ಪಂಚನಮಸ್ಕಾರ ಮಂತ್ರ ನಿಲ್ಲಲಿಲ್ಲ. ನಡುವೆ ಒಮ್ಮೆ ನನ್ನ ಕೈ ಹಿಡಿದರು. "ಅಲ್ಲಿ ಮಾತೇ ಬರದಿದ್ರೆ?" ಎಂದರು. ನಾನಿದ್ದೇನಲ್ಲ ಎಂದೆ.

ಸಭೆ ನಡೆದದ್ದು ಕೊಬ್ಬರಿ ಗೋದಾಮಿನ ಹಿಂದಿನ ಹಜಾರದಲ್ಲಿ. ಜಮಖಾನದ ಮೇಲೆ ಹಿರಿಯರು ಕೂತಿದ್ದರು. ನಡುವೆ ಅಧ್ಯಕ್ಷರು ಧರಣೇಂದ್ರಯ್ಯ, ತೂಕದ ಮನುಷ್ಯ. ಮೂಲೆಯಲ್ಲಿ ಬಿಳೀ ಅಂಗಿಯ ಹುಡುಗ, ನಿಧಿಯ ಲೆಕ್ಕ ನೋಡುವ ಜಿನೇಶ್. ಅವನೇ ನಮ್ಮ ದೇವೀರಮ್ಮ ಹೇಳಿದ ಮದುಮಗ.

"ನೋಡಮ್ಮ, ಈ ನಿಧಿ ಏನೂ ಇಲ್ಲದ ಮಕ್ಕಳಿಗೆ" ಎಂದರು ಧರಣೇಂದ್ರಯ್ಯ, ಮೆತ್ತಗೆ. "ನಿಮಗೆ ಗದ್ದೆ ಇದೆ, ತೋಟ ಇದೆ, ಮಗಳಿಗೆ ಒಡವೆ ಮಾಡಿಸಿದೀರಿ ಅಂತ ನಿಮ್ಮ ಬೀದಿಯವರೇ ಹೇಳಿದಾರೆ. ನಿಮಗೆ ಕೊಟ್ಟು, ಇಲ್ಲದೋರಿಗೆ ಇಲ್ಲ ಅನ್ನಲಾ?"

ಗೊಮ್ಮಟೇಶ ಹೆಗಲ ಶಲ್ಯ ಸರಿಮಾಡಿಕೊಂಡರು. "ಜನ ಪ್ರೀತಿಯಿಂದ ಸ್ವಲ್ಪ ಹೆಚ್ಚಿಗೆ ಹೇಳಿರಬಹುದು" ಎಂದರು.

ಸ್ವಲ್ಪ! ಅವರನ್ನು ಜಿಗುಟಬೇಕು ಅನ್ನಿಸಿತು ನನಗೆ. ಹುಡುಗನನ್ನು ಮದುವೆ ಗಂಡೆಂದು ತಿಳಿದು ಆದ ಯಡವಟ್ಟನ್ನೆಲ್ಲ ನಾನೇ ಹೇಳಿದೆ. ಒಬ್ಬಿಬ್ಬರು ನಕ್ಕರು. ಜಿನೇಶ್ ಕೆಂಪಗಾದ. ಧರಣೇಂದ್ರಯ್ಯ ನಗಲಿಲ್ಲ.

"ನೀವೂ ಅದೇ ಬೀದಿಯವರು, ಅವರೂ ಅದೇ ಬೀದಿಯವರು. ಶುಕ್ರವಾರ ಇದೆ ಅಂದ್ರಿ, ಭಾನುವಾರ ಇಲ್ಲ ಅಂತೀರಿ. ನಾನು ಯಾವುದನ್ನ ನಂಬಲಿ ಟೀಚರಮ್ಮ?"

ನನ್ನ ಜೋರು ಬಾಯಿ ಅಲ್ಲಿಗೆ ಕಟ್ಟಿಹೋಯಿತು. ನಿಜ ಹೇಳಿದ್ದೇ ಈಗ ಸುಳ್ಳಿನ ಹಾಗೆ ಕೇಳುತ್ತಿತ್ತು. ಗೊಮ್ಮಟೇಶ ಎದ್ದು ನಿಂತು "ಬಾ, ಹೋಗೋಣ" ಎಂದರು.

ಕಾಂಚನಮ್ಮ ಎದ್ದರು. ಆದರೆ ಬಾಗಿಲ ಕಡೆ ಹೋಗಲಿಲ್ಲ. ಮುಂದೆ ಬಂದು, ಎರಡೂ ಕೈ ಕತ್ತಿನ ಹಿಂದೆ ಹಾಕಿ ಸರದ ಕೊಂಡಿ ಬಿಚ್ಚತೊಡಗಿದರು.

"ಅಯ್ಯೋ, ತಾಳಿ ಸರ ತೆಗೀಬಾರದಮ್ಮ!" ಧರಣೇಂದ್ರಯ್ಯ ಗಾಬರಿಯಿಂದ ಕೈ ಅಡ್ಡ ಹಿಡಿದರು.

"ತಾಳಿ ಇದರಲ್ಲಿಲ್ಲ" ಎಂದರು ಕಾಂಚನಮ್ಮ. ಸೆರಗಿನ ಒಳಗಿನಿಂದ ಅರಿಶಿನದ ದಾರವೊಂದನ್ನು ಎಳೆದು ಹೊರಗೆ ಬಿಟ್ಟರು. ತಾಳಿ ಆ ದಾರದಲ್ಲಿತ್ತು. ಬಿಚ್ಚಿದ ಸರವನ್ನು ಅವರ ಮುಂದೆ ಇಟ್ಟರು. "ಒಡವೆ ಇದೆ ಅಂದ್ರಲ್ಲ. ನಮ್ಮನೇಲಿ ಇರೋ ಒಡವೆ ಇಷ್ಟೇ. ನೋಡಿ."

ಧರಣೇಂದ್ರಯ್ಯ ಅದನ್ನು ಅಂಗೈಯಲ್ಲಿ ಇಟ್ಟು ಒಮ್ಮೆ ಮೇಲೆತ್ತಿ ಇಳಿಸಿದರು. ವ್ಯಾಪಾರದ ಕೈ, ತಕ್ಕಡಿ ಬೇಕಾಗಲಿಲ್ಲ. ಗಿಲೀಟಿನ ಸರ.

"ಚಿನ್ನದ್ದು ಎಲ್ಲಮ್ಮ?" ಎಂದು ಬಹಳ ಮೆಲ್ಲಗೆ ಕೇಳಿದರು.

ಕಾಂಚನಮ್ಮ ಗಂಡನ ಕಡೆ ನೋಡಲಿಲ್ಲ. "ಇವರ ಕಣ್ಣಿನ ಆಪರೇಷನ್ ಆದಾಗ ಮಾರಿದೆ. ನಮ್ಮಣ್ಣ ಕೊಟ್ಟ ದುಡ್ಡು ಅಂತ ಇವರಿಗೆ ಹೇಳಿದ್ದೆ."

ಗೊಮ್ಮಟೇಶ ಆವತ್ತಿನಿಂದ ಆ ಭಾವಮೈದುನನನ್ನು ಹೊಗಳದ ದಿನವಿರಲಿಲ್ಲ. ನಾನೇ ಎಷ್ಟೋ ಸಲ ಕೇಳಿ ಬೇಸತ್ತಿದ್ದೆ. ಈಗ ಅವರು ಹೆಂಡತಿಯ ಕತ್ತಿನ ದಾರವನ್ನೇ ನೋಡುತ್ತ ನಿಂತರು. ಅರಿಶಿನ ಮಾಸಿ ಕಂದುಬಣ್ಣಕ್ಕೆ ತಿರುಗಿದ್ದ ದಾರ. ಒಂದೇ ಮನೆಯಲ್ಲಿ ಇದ್ದುಕೊಂಡು ಅದನ್ನು ಅವರಿಂದಲೂ ಮುಚ್ಚಿಟ್ಟಿದ್ದರಲ್ಲ, ಆ ಹೆಂಗಸಿನ ಹೆದರಿಕೆ ಎಷ್ಟು ದೊಡ್ಡದಿರಬೇಕು ಎಂದು ನನಗೆ ಆಗ ಅರ್ಥವಾಯಿತು. ಅಳು ಬಂತು.

ಗೊಮ್ಮಟೇಶ ಹೆಗಲ ಶಲ್ಯ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾನು ಬೇಲೂರಿನ ಮಂಡೀಲಿ ಲೆಕ್ಕ ಬರೆಯೋ ಗುಮಾಸ್ತ" ಎಂದರು. "ಗದ್ದೆ ಇಲ್ಲ, ತೋಟ ಇಲ್ಲ. ಇವಳು ಕೂಲಿಗೆ ಬಟ್ಟೆ ಹೊಲೀತಾಳೆ. ನಮ್ಮ ಹತ್ತಿರ ಏನೂ ಇಲ್ಲ. ದಯವಿಟ್ಟು ನನ್ನ ಮಗಳನ್ನ ಓದಿಸಿ."

ಧರಣೇಂದ್ರಯ್ಯ ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಹಾಸನದ ಕಾಲೇಜಿಗೆ ನಾಳೆ ಬೆಳಿಗ್ಗೆಯೇ ಡಿ.ಡಿ. ಮುಟ್ಟಿಸುವಂತೆ ಜಿನೇಶನಿಗೆ ಹೇಳಿದರು. ಸರವನ್ನು ಎರಡೂ ಕೈಯಲ್ಲಿ ಹಿಡಿದು ಕಾಂಚನಮ್ಮನಿಗೆ ವಾಪಸ್ಸು ಕೊಟ್ಟರು.

ಹೊರಗೆ ಬಂದವರೇ ಕಾಂಚನಮ್ಮ ಗೋದಾಮಿನ ಗೋಡೆಯ ಮರೆಗೆ ಸರಿದು ಸರ ಹಾಕಿಕೊಳ್ಳಲು ನೋಡಿದರು. ಕೊಂಡಿ ಸಿಕ್ಕುತ್ತಿರಲಿಲ್ಲ. ಗೊಮ್ಮಟೇಶ ಹತ್ತಿರ ಹೋದರು. ಕೊಂಡಿ ಹಾಕುತ್ತಾರೆಂದು ನಾನು ತಿಳಿದೆ. ಅವರು ಸರವನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಹೀಗೇ ಬಾ" ಎಂದರು.

"ಊರಲ್ಲಿ ನೋಡ್ತಾರೆ ರೀ."

"ನೋಡಲಿ."

ದಾರಿಯುದ್ದಕ್ಕೂ ಅರ್ಜಿ ಒಪ್ಪಿದ ಸಂತೋಷ ಕಾಂಚನಮ್ಮನ ಮುಖದಲ್ಲಿ ಎಲ್ಲೂ ಇರಲಿಲ್ಲ, ಬರೀ ಭಯ. ಜಾವಗಲ್ ದಾಟಿದ ಮೇಲಂತೂ ನನ್ನ ಕೈಯನ್ನು ಮೂಳೆ ನೋಯುವ ಹಾಗೆ ಹಿಡಿದಿದ್ದರು. ಹಳೇಬೀಡಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಷಡಕ್ಷರಪ್ಪನ ಹೋಟ್ಲಿನ ಮುಂದೆ ದೇವೀರಮ್ಮ ನಿಂತಿದ್ದಳು.

"ಅಮ್ಮಾವ್ರೇ, ಅರಸೀಕೆರೆಗೆ ಓಗಿದ್ರಂತೆ! ಗಂಡಿನ ಮನೆ ನೋಡ್ಕಂಡು ಬಂದ್ರಾ?" ಎನ್ನುತ್ತ ಎದುರಿಗೆ ಬಂದವಳ ಕಣ್ಣು ಕಾಂಚನಮ್ಮನ ಕತ್ತಿನ ಮೇಲೆ ಬಿತ್ತು. ಅವಳ ಮಾತು ನಿಂತಿತು. ಹೋಟ್ಲಿನಲ್ಲಿ ಕೂತವರೂ ತಿರುಗಿದರು.

ಕಾಂಚನಮ್ಮನ ಕೈ ಸೆರಗಿನ ಅಂಚಿಗೆ ಹೋಯಿತು. ಎಳೆದು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡೆ. ಮುಚ್ಚಿಕೊಳ್ಳಲಿಲ್ಲ.

"ಇಲ್ಲ ದೇವೀರಮ್ಮ" ಎಂದರು. "ಮಗಳ ಫೀಸಿಗೆ ಕೈಯೊಡ್ಡಿ ಬಂದೆ."