ಚಿತ್ರದ ಕೆಳಗಿನ ಅಕ್ಷರ

ಸಣ್ಣಾಕೆಯಿದ್ದಾಗ ಜ್ವರ ಬಂದು ನನ್ನ ಕಿವಿ ಮಂದವಾದವು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಹಿಂದಿನಿಂದ ಕರೆದರೆ ಗೋಡೆಗೆ ಕರೆದ ಹಾಗೆ. ಇದನ್ನು ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟವಳು ಅವ್ವ. ಸಂತೆಕಲ್ಲೂರಿನವರು ಸಿಂಧನೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ನನ್ನ ಮಗ್ಗುಲಿಗೇ ಕೂತು, ಅವರ ಒಂದೊಂದು ಪ್ರಶ್ನೆಯನ್ನೂ ನನ್ನ ಕಡೆ ತಿರುಗಿ ತಾನೇ ಇನ್ನೊಮ್ಮೆ ಕೇಳಿದಳು. "ಎಷ್ಟ ಓದೀದಿ ಅಂತ ಕೇಳಾಕತ್ತಾರ, ಹೇಳವ್ವ." ಹುಡುಗಿಗೆ ಬಹಳ ನಾಚಿಕೆ ಎಂದು ಅವರು ಮೆಚ್ಚಿಕೊಂಡು ಹೋದರು.

ಹೇಳಿಬಿಡೋಣ ಎಂದು ನಾನು ಅಂದಿದ್ದೆ. ಅವ್ವ ಒಪ್ಪಲಿಲ್ಲ.

"ಸಾವಿರ ಸುಳ್ಳ ಹೇಳಿ ಒಂದ ಮದಿವಿ ಮಾಡು ಅಂತಾರ. ನಾ ಒಂದ ಸುಳ್ಳೂ ಹೇಳಿಲ್ಲ. ಸುಮ್ನ ಅದೀನಿ, ಅಷ್ಟ."

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಸಾಮಾನು ಎಂದರೆ ಒಂದು ಸ್ಲೈಡ್ ಪ್ರೊಜೆಕ್ಟರ್, ಒಂದು ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನಲ್ಲಿ ಒಬ್ಬ ಹೆಂಗಸು ಪಾಠ ಹೇಳುತ್ತಾಳೆ, ನಡುವೆ ಮಾತು ನಿಂತು 'ಟಿಣ್' ಎನ್ನುತ್ತದೆ, ಆಗ ಸ್ಲೈಡು ಬದಲಿಸಬೇಕು. ಆ ಟಿಣ್ ನನಗೆ ಎಂದೂ ಕೇಳಿದ್ದಿಲ್ಲ. ಟೇಪ್ ರೆಕಾರ್ಡರಿನ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದೆ. ದನಿ ಇರುವಷ್ಟು ಹೊತ್ತು ಅದು ನಡುಗುತ್ತಿತ್ತು, ನಡುಕ ನಿಂತ ಕೂಡಲೇ ಸ್ಲೈಡು ತಿರುಗಿಸುತ್ತಿದ್ದೆ. ಆಕೆ ಏನು ಹೇಳುತ್ತಿದ್ದಾಳೆ ಎಂಬುದಕ್ಕೆ ನನಗಿದ್ದ ಆಧಾರ ಚಿತ್ರದ ಕೆಳಗೆ ಅಚ್ಚಾಗಿದ್ದ ಒಂದು ಸಾಲು. ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ ಇದೇ ಉಪಾಯದಿಂದ ಪಾರಾಗಿದ್ದೆ. ಶಭಾಷ್ ಅಂತಲೂ ಅನ್ನಿಸಿಕೊಂಡಿದ್ದೆ.

ಮಸ್ಕಿಗೆ ಸ್ಲೈಡುಗಳ ಬೇರೆ ಸೆಟ್ಟು ಬೇಕೆಂದು ಆಫೀಸಿನವರು ಹಳೆಯದನ್ನೇ ಒಂದು ಸ್ಟುಡಿಯೋಕ್ಕೆ ಕೊಟ್ಟು ನಕಲು ಮಾಡಿಸಿದರು. ಆ ಪಾಠದಲ್ಲಿ ತಾಯಿ ಮಗುವಿಗೆ ಲೋಟದಿಂದ ಕುಡಿಸುವ ಒಂದೇ ಚಿತ್ರ ಎರಡು ಸಲ ಬರುತ್ತಿತ್ತು. ಮೊದಲಿನದರ ಕೆಳಗೆ 'ಕಾಯಿಸಿ ಆರಿಸಿದ ನೀರು ಕುಡಿಸಿ' ಎಂದಿತ್ತು. ಆಮೇಲಿನದರ ಕೆಳಗೆ 'ಭೇದಿಯಾದಾಗ ಉಪ್ಪು-ಸಕ್ಕರೆ ನೀರು ಕುಡಿಸಿ' ಎಂದಿತ್ತು. ಚಿತ್ರ ಒಂದೇ ತಾನೇ ಎಂದು ಸ್ಟುಡಿಯೋದ ಪುಣ್ಯಾತ್ಮ ಮೊದಲಿನದನ್ನೇ ಎರಡು ಸಲ ತೆಗೆದುಬಿಟ್ಟಿದ್ದ. ನಾನು ಮೊದಲೇ ಹಾಕಿ ನೋಡಲಿಲ್ಲ.

ಮಸ್ಕಿಯ ಶಾಲೆಯ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದೆವು. ಕೂತವರಲ್ಲಿ ನನ್ನನ್ನು ನೋಡಿ ಹೋದ ಹುಡುಗನ ಅಕ್ಕನೂ ಇದ್ದರು. ಅವರು ಸಂತೆಕಲ್ಲೂರಿನ ಅಂಗನವಾಡಿಯವರು. ತಮ್ಮನ ಹೆಂಡತಿಯಾಗುವವಳು ಪಾಠ ಹೇಳುತ್ತಾಳೆಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಮದುವೆ ನನಗೆ ಬೇಕಾಗಿತ್ತು. ಹುಡುಗ ಮನಸ್ಸಿಗೆ ಬಂದಿದ್ದ.

ಅರ್ಧ ಪಾಠ ಆಗಿರಬೇಕು, 'ಕಾಯಿಸಿ ಆರಿಸಿದ ನೀರು' ಮತ್ತೆ ಬಂತು. ಸ್ಲೈಡು ತಪ್ಪಿ ಇಲ್ಲಿ ಸೇರಿದೆ ಎಂದುಕೊಂಡು ಮುಂದಿನದಕ್ಕೆ ಹಾರಿಸಿದೆ. ಅಲ್ಲಿಗೆ ಎಲ್ಲ ಕೆಟ್ಟಿತು. ಕ್ಯಾಸೆಟ್ಟಿನಾಕೆ ಹಿಂದೆ, ಚಿತ್ರ ಮುಂದೆ. ದುಂಡಗಿನ ಮಗುವನ್ನು ನೋಡಿ ಎಂದು ಆಕೆ ಹೇಳುತ್ತಿದ್ದಳಂತೆ, ಗೋಡೆಯ ಮೇಲೆ ತಿಪ್ಪೆ, ತಿಪ್ಪೆಯ ಮೇಲೆ ಹಂದಿ. ಹೆಂಗಸರ ಹೆಗಲು ಕುಲುಕುವುದು ಕಂಡಿತು. ಪ್ರೊಜೆಕ್ಟರ್ ನಿಲ್ಲಿಸಿ, ಎರಡು ಸಲ ಬಂದಿದ್ದ ಸ್ಲೈಡನ್ನು ಕಿತ್ತಿಟ್ಟು, ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಒಂದು ಸ್ಲೈಡು ಕಡಿಮೆಯಾದ ಮೇಲೆ ಕೂಡುವುದಾದರೂ ಹೇಗೆ? ಮತ್ತೆ ಅದೇ ಹಂದಿ.

"ಮೇಡಂ, ಚಿತ್ರ ಸರಿ ಇತ್ತ್ರಿ, ಅಕ್ಷರ ಅಷ್ಟ ತಪ್ಪಿತ್ತ್ರಿ. ಟೇಪ್ ಕೇಳ್ರಿ" ಎಂದು ಮೊದಲನೇ ಸಲಕ್ಕೇ ಎಲ್ಲರೂ ಕೂಗಿದ್ದರಂತೆ. ಕತ್ತಲಲ್ಲಿ ಯಾರ ತುಟಿಯೂ ನನಗೆ ಕಂಡಿರಲಿಲ್ಲ. ಕಿವಿ ಇದ್ದವರು ದನಿಯನ್ನು ನಂಬಿದ್ದರು, ನಾನು ಅಕ್ಷರವನ್ನು ನಂಬಿದ್ದೆ.

ಹುಡುಗನ ಅಕ್ಕ ಎದ್ದು ಬಂದು ಕಂಬಳಿ ಸರಿಸಿದರು. ನನ್ನ ಭುಜ ಹಿಡಿದು ಬೆಳಕಿಗೆ ತಿರುಗಿಸಿಕೊಂಡು ನಿಧಾನವಾಗಿ ಕೇಳಿದರು.

"ಕಿವಿ ಕೇಳಂಗಿಲ್ಲೇನವ್ವ ನಿಂಗ? ಇಲ್ಲಂದ್ರ ಇಲ್ಲ ಅನ್ನು. ಮನ್ಯಾಗ ನಾ ಹೇಳ್ತೀನಿ."

ಎಷ್ಟು ಸಲೀಸಾಗಿ ಬಾಗಿಲು ತೆರೆದಿಟ್ಟಿದ್ದರು ನೋಡಿ. ಕೋಣೆಯ ತುಂಬ ಕಣ್ಣುಗಳು.

"ಕೇಳ್ತದ್ರಿ. ಕ್ಯಾಸೆಟ್ ಕೆಟ್ಟೈತ್ರಿ" ಅಂದೆ.

ಅಂದ ಮೇಲೆ ಟೇಪ್ ರೆಕಾರ್ಡರಿನ ಕಡೆ ನೋಡಿದರೆ ಅದು ಇನ್ನೂ ತಿರುಗುತ್ತಿತ್ತು. ಕ್ಯಾಸೆಟ್ಟಿನಾಕೆ ಸ್ಪಷ್ಟವಾಗಿ ಪಾಠ ಹೇಳುತ್ತಲೇ ಇದ್ದಿರಬೇಕು. ಅಕ್ಕ ಹೋಗಿ ತಮ್ಮ ಜಾಗದಲ್ಲಿ ಕೂತರು. ಮಾನ ಹೋಗುವುದು ಅಂದರೇನು ಎಂದು ನನಗೆ ಅವತ್ತು ತಿಳಿಯಿತು.

ಒಂದು ವಾರದೊಳಗೆ ಆ ಕಡೆಯಿಂದ ಬೇಡ ಎಂಬ ಮಾತು ಬಂತು. ಸ್ಲೈಡು ಅದಲುಬದಲಾಗಿ ಕಿವಿಯ ವಿಷಯ ಗೊತ್ತಾಗಿಹೋಯಿತು ಎಂದಷ್ಟೇ ಅವ್ವನಿಗೆ ಹೇಳಿದೆ. ಅಕ್ಕ ಕೇಳಿದ್ದನ್ನು, ನಾನು ಅಂದದ್ದನ್ನು ಹೇಳಲಿಲ್ಲ. ಅವ್ವ ತನ್ನಿಂದಲೇ ಹೀಗಾಯಿತೆಂದು ಹಣೆ ಹಣೆ ಬಡಿದುಕೊಂಡು, ನನ್ನನ್ನೂ ಎಬ್ಬಿಸಿಕೊಂಡು ಸಂತೆಕಲ್ಲೂರಿನ ಬಸ್ಸು ಹತ್ತಿದಳು.

ಅಲ್ಲಿ ಪಡಸಾಲೆಯಲ್ಲಿ ಆ ಅಕ್ಕನ ಮುಂದೆ ಅವ್ವ ಸೆರಗು ಒಡ್ಡಿದಳು. ತನ್ನ ಮಗಳ ವಾರಿಗೆಯ ಹೆಂಗಸಿನ ಮುಂದೆ.

"ಮುಚ್ಚಿಟ್ಟಾಕಿ ನಾನ್ರಿ. ನನ್ನ ಮಗಳು ಹೇಳೂಣು ಹೇಳೂಣು ಅಂತಿದ್ಲು. ಆಕಿ ಬಾಯಾಗ ಸುಳ್ಳ ಬರಂಗಿಲ್ರಿ."

ನಾನು ನೆಲ ನೋಡಿದೆ. ಆದರೆ ಅಕ್ಕನ ಮಾತು ತಿಳಿಯಲು ತಲೆ ಎತ್ತಬೇಕಾಯಿತು.

"ಕಿವಿ ಸಲುವಾಗಿ ಬ್ಯಾಡ ಅಂದಿಲ್ರಿ ನಾವು. ಎದುರಿಗೆ ನಿಂತು ಕೇಳೀನಿ. ಕೇಳ್ತದ ಅಂತ ಅಂದಾಳ."

ಅವ್ವ ನನ್ನ ಕಡೆ ತಿರುಗಿದಳು. "ಖರೇನ? ಕೇಳಿದ್ರೇನ ನಿನ್ನ?"

ಅವ್ವನ ತುಟಿಯ ಒಂದೊಂದು ಅಕ್ಷರವೂ ನನಗೆ ಕಂಡಿತು.

"ಅವ್ರು ಏನ ಕೇಳಿದ್ರೋ ನಂಗ ತಿಳೀಲಿಲ್ಲವ್ವ" ಅಂದೆ. ಜನ್ಮವಿಡೀ ಮುಚ್ಚಿಕೊಂಡು ಬಂದ ಕೆಪ್ಪುತನವನ್ನು ಮೊದಲ ಸಲ ನಾನಾಗಿ ಹೊರಗೆ ತೆಗೆದದ್ದು ಹೀಗೆ.

ಅವ್ವನ ಮುಖ ಅರಳಿತು. "ನೋಡ್ರಿ, ಪಾಪ, ಆಕಿಗೆ ತಿಳಿದಿಲ್ಲ. ಸುಮ್ನ ಕೇಳ್ತದ ಅಂದಾಳ."

ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಹಂಗಿರಬೇಕು ಬಿಡ್ರಿ" ಎಂದು ಅವ್ವನ ಕೈ ಹಿಡಿದು ಕೂಡಿಸಿದರು.

ಮದುವೆಯಾಯಿತು. ಗಂಡ ಒಳ್ಳೆಯವರು. ಪಡಸಾಲೆಯ ಆ ಸುಳ್ಳಿನ ಬಗ್ಗೆ ಅವರ ಅಕ್ಕ ಇಷ್ಟು ವರ್ಷಗಳಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಮನೆಗೆ ಬಂದಾಗಲೆಲ್ಲ ನನ್ನ ಎದುರಿಗೇ ಕೂತು, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡುತ್ತಾರೆ. ಅವರ ಮಾತು ತಿಳಿಯಬೇಕಾದರೆ ನಾನು ಅವರ ಮುಖ ನೋಡಲೇಬೇಕು.