ತಾಹೆರಾ ತಿದ್ದಿದ ವರದಿ

ಸಮುದ್ರದಲ್ಲಿ ತೈಲಹಡಗಿಗೆ ಬೆಂಕಿ ಬಿದ್ದರೆ ಯಲಹಂಕದ ಮೂರನೇ ಮಹಡಿಯಲ್ಲಿ ಕೂತ ತಾಹೆರಾಗೆ ಕೆಲಸ ಬೀಳುತ್ತದೆ. ಲಂಗರು ಹಾಕಿ ನಿಂತು ಕಡಲ ತಳದ ಬಾವಿಗಳಿಂದ ತೈಲ ಎತ್ತುವ ಹಡಗುಗಳವು. ಅಲ್ಲಿ ಅಪಘಾತವಾದಾಗ ಯಾರು ಏನು ಮಾಡಿದರು, ಯಾಕೆ ಮಾಡಿದರು ಎಂದು ಕಾಗದಪತ್ರ ಜಾಲಾಡಿ ವರದಿ ಬರೆಯುವುದು ಅವಳ ಹತ್ತೊಂಬತ್ತು ವರ್ಷದ ಕಸುಬು. ಆರ್.ಟಿ. ನಗರದಿಂದ ಹೆಬ್ಬಾಳ ದಾಟಿ ಆಫೀಸು ಸೇರುವಷ್ಟರಲ್ಲೇ ಜೀವ ಅರ್ಧ ಸೋತಿರುತ್ತದೆ. ಉಳಿದರ್ಧವನ್ನು ಕಂಪ್ಯೂಟರು ತಿನ್ನುತ್ತದೆ.

ಆ ಸೋಮವಾರ ಮಣಿಕಂಠ ಅವಳನ್ನು ಹುಡುಕಿಕೊಂಡು ಬಂದ. ಯಶವಂತಪುರದವನು, ಅಂಥ ಹಡಗೊಂದರ ಕಂಟ್ರೋಲ್ ರೂಮಿನಲ್ಲಿದ್ದವನು. ಅನಿಲ ಸೋರುತ್ತಿದೆಯೆಂದು ಅಲಾರಂ ಹೊಡೆದಾಗ ಅದರ ಬಾಯಿ ಮುಚ್ಚಿಸಿ ಸುಮ್ಮನೆ ಕೂತ, ಬೆಂಕಿ ಹೊತ್ತಿ ಒಬ್ಬ ಫಿಟ್ಟರನ ಕೈ ಸುಟ್ಟಿತು. ಇದು ಹೋದ ತಿಂಗಳು ತಾಹೆರಾ ಕಳಿಸಿದ ಕರಡಿನ ಸಾರ. ಅದರಲ್ಲಿದ್ದ 'ನಿರ್ಲಕ್ಷ್ಯ' ಎಂಬ ಒಂದೇ ಪದ ಹಿಡಿದು ಕಂಪನಿ ಅವನನ್ನು ಹಡಗಿನಿಂದ ಇಳಿಸಿತ್ತು. ಕೆಟ್ಟ ಯಂತ್ರ ಬದಲಿಸಲು ವರ್ಷ ಬೇಕಾಗುವವರಿಗೆ ಮನುಷ್ಯನನ್ನು ಬದಲಿಸಲು ಒಂದು ದಿನ ಸಾಕಾಗುತ್ತದೆ! ಅಂತಿಮ ವರದಿಗೆ ಅಂದು ಸಂಜೆ ಸಹಿ ಬಿದ್ದರೆ ಇನ್ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ.

"ಇಡೀ ಪಾಳಿದು ಅಲಾರಂ ಪಟ್ಟಿ ನೋಡಿದ್ರಾ ಮೇಡಂ? ಅವತ್ತು ನಾನೂರಕ್ಕೂ ಮೇಲೆ ಅಲಾರಂ ಹೊಡ್ದಿತ್ತು. ಎಲ್ಲಾ ಸುಳ್ಳು. ಸೆನ್ಸರ್ ಕೆಟ್ಟಿದೆ ಅಂತ ಮೂರ್ಸಲ ಬರ್ದುಕೊಟ್ಟಿದೀನಿ."

ತಾಹೆರಾ ನೋಡಿರಲಿಲ್ಲ. ಆಫೀಸಿನ ನಮೂನೆ ಕೇಳುವುದು ಅಪಘಾತಕ್ಕೆ ಹಿಂದಿನ ಅರ್ಧ ಗಂಟೆಯ ಪಟ್ಟಿ ಮಾತ್ರ. ಅದಕ್ಕೂ ಹಿಂದಿನದನ್ನು ತೆರೆಯುವುದು ಅವಳ ರೂಢಿ. ಈ ಕರಡು ಬರೆಯುವಾಗ ತೆರೆದಿರಲಿಲ್ಲ, ಅಷ್ಟೆ. ಅರ್ಧ ಗಂಟೆಯ ಪಟ್ಟಿಯಲ್ಲಿದ್ದ ಹದಿನೈದನ್ನೂ ನಿಜವಾದ ಸೋರಿಕೆಯ ಎಚ್ಚರಿಕೆಯೆಂದೇ ಎಣಿಸಿದ್ದಳು. ಈಗ ಅವನ ಎದುರಿಗೇ ತೆರೆದಳು. ನಾನೂರ ಹನ್ನೆರಡು. ಹನ್ನೆರಡು ಗಂಟೆಯ ಪಾಳಿಯುದ್ದಕ್ಕೂ ಎರಡು ನಿಮಿಷಕ್ಕೊಮ್ಮೆ ಸುಳ್ಳು ಬೊಗಳಿದ ಯಂತ್ರವನ್ನು ಬಿಟ್ಟು ಈ ಬಡಪಾಯಿಯ ಮೇಲೆ ಗೂಬೆ ಕೂರಿಸಿದ್ದಳು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ವರದಿ ತಿದ್ದುತ್ತೇನೆಂದು ಒಳಗೆ ಹೋಗಿ ಹೇಳಿದಾಗ ಮೇಲಧಿಕಾರಿ ಅಶ್ವತ್ಥ್ ಮುಖ ಗಂಟಿಕ್ಕಿದರು. "ಕರಡು ಬದಲಾದ್ರೆ ಕಾರಣ ಬರೀಬೇಕಲ್ರೀ. ಏನಂತ ಬರೀತೀರಾ?"

"ನಾನು ಫೈಲ್ ಪೂರ್ತಿ ನೋಡಿಲ್ಲ ಅಂತ."

"ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ ಕಣ್ರೀ."

"ಬರ್ಲಿ ಸಾರ್. ಸಾಕಾಗಿದೆ."

ಅದು ಧೈರ್ಯದ ಮಾತೇನಲ್ಲ. ಸುಳ್ಳೊಂದನ್ನು ಸಂಭಾಳಿಸುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಕಾರಣವನ್ನು ಇದ್ದಂತೆಯೇ ಬರೆದು, ವರದಿ ತಿದ್ದಿ ಕಳಿಸಿದಳು.

ಹೊರಗೆ ಬೆಂಚಿನ ಮೇಲೆ ಮಣಿಕಂಠ ಕಾಯುತ್ತಿದ್ದ. "ತಿದ್ದಿ ಕಳಿಸಿದೀನಪ್ಪ. ತಪ್ಪು ನಂದೇ. ಕೆಲಸ ವಾಪಸ್ ಕೊಡ್ತಾರೋ ಇಲ್ವೋ, ಹೇಳಕ್ಕಾಗಲ್ಲ" ಎಂದಳು. ಬೈಯುತ್ತಾನೆ ಅಂದುಕೊಂಡಳು, ಬೈದರೆ ನ್ಯಾಯವೇ.

ಅವನು ಕೇಳಿದ್ದು ಬೇರೆ. "ನನ್ನ ಕರಡು ಬರೆದ ವಾರದಲ್ಲಿ ಅದು ನಿಮಗೆ ಎಷ್ಟನೇ ವರದಿ ಮೇಡಂ?"

ಎಷ್ಟು ಗಂಟೆ ದುಡಿದಿರಿ, ಎಷ್ಟು ನಿದ್ದೆ ಮಾಡಿದಿರಿ ಎಂದು ಹಡಗಿನವರನ್ನೆಲ್ಲ ವಿಚಾರಿಸಿದವಳು ಅವಳು. ಅವಳನ್ನು ಇಂದಿನವರೆಗೆ ಯಾರೂ ವಿಚಾರಿಸಿರಲಿಲ್ಲ. "ಆರನೇದು" ಎಂದು ಗೋಡೆಗೆ ಒರಗಿದಳು. ಮಣಿಕಂಠ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದ.

"ಕೂತ್ಕೊಳಿ ಮೇಡಂ" ಎಂದ.